ಕಸಪ್ಪನಿಗೆ ಹೆಸರಿಟ್ಟ ದಿನ

ನಮ್ಮ ಪಾದ್ರಿಗಳ ಹತ್ತಿರ ಒಂದು ದಪ್ಪ ಪುಸ್ತಕವಿದೆ. ನಮ್ಮ ಕೇರಿಯಲ್ಲಿ ಯಾರಿಗೆ ಯಾವ ದಿನ ದೀಕ್ಷಾಸ್ನಾನ ಆಯಿತು, ಏನು ಹೆಸರಿಟ್ಟರು, ಎಲ್ಲ ಅದರಲ್ಲಿ ಬರೆದಿದೆ. ನನಗೆ ಓದಲು ಬಾರದು, ಆದರೆ ಆ ಒಂದು ಹಾಳೆ ಮಾತ್ರ ಬಾಯಿಪಾಠ. ಅಬ್ರಹಾಮ, ಯಾಕೋಬ, ಮಾರ್ಥಮ್ಮ, ದಾವೀದ, ರೂತಮ್ಮ. ರೂತಮ್ಮ ನನ್ನ ಮಗಳು. ಅವಳ ಕೆಳಗೆ ನನ್ನ ಮಗ. ಅವನ ಹೆಸರು ಕಸಪ್ಪ. ಅರಸರು, ಪ್ರವಾದಿಗಳು ಕುಳಿತ ಪಂಕ್ತಿಯಲ್ಲಿ ನನ್ನ ಮಗನೊಬ್ಬ ಕಸ.

ಹೊಸದಾಗಿ ಬರುವ ಪ್ರತಿಯೊಬ್ಬ ಪಾದ್ರಿಯೂ ಆ ಹಾಳೆ ತಿರುವಿದ ದಿನ ನನ್ನನ್ನು ಕರೆಸುತ್ತಾರೆ, ಬರೆಯುವಾಗ ಏನಾದರೂ ತಪ್ಪಾಗಿದೆಯೇ ಎಂದು ಕೇಳುತ್ತಾರೆ. ಒಬ್ಬರಿಗೆ ಹೌದು ಎಂದೆ. ಇನ್ನೊಬ್ಬರಿಗೆ, ಹಳೆಯ ಪಾದ್ರಿಗಳಿಗೆ ಕಿವಿ ಮಂದ ಇತ್ತು ಎಂದು ಕೈಮುಗಿದು ಸುಳ್ಳು ಹೇಳಿದೆ. ಅವರ ಕಿವಿ ನೆಟ್ಟಗೇ ಇತ್ತು. ನೆಟ್ಟಗಿರದೇ ಇದ್ದದ್ದು ನನ್ನ ನಾಲಿಗೆ. ಯಾರಿಗೆ ಯಾವ ಸುಳ್ಳು ಹೇಳಿದೆ ಎಂದು ನೆನಪಿಟ್ಟುಕೊಂಡು ಸಾಕಾಗಿದೆ, ಈಗ ನಡೆದದ್ದನ್ನೇ ಹೇಳಿಬಿಡುತ್ತೇನೆ.

ನಾನು ಹಿಟ್ನಾಳದ ಗ್ಯಾನಪ್ಪ. ಚಪ್ಪಲಿ ಹೊಲಿಯುವವನು. ನಾನು ಹೊಲಿದ ಚಪ್ಪಲಿ ಮೂರು ಮಳೆಗಾಲ ಬಾಳುತ್ತದೆ, ಇದು ಬಡಾಯಿಯಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ತೊಗಲು ಎಷ್ಟೇ ಗಟ್ಟಿ ಇದ್ದರೂ ಹೊಲಿದೇನು, ನನ್ನ ಬಾಯಿ ಮಾತ್ರ ಹೊಲಿದುಕೊಳ್ಳಲು ಬರಲಿಲ್ಲ. ಸಿಟ್ಟು ಬಂದರೆ ಒದರುತ್ತೇನೆ, ಖುಷಿಯಾದರೆ ಇನ್ನೂ ಜೋರಾಗಿ ಒದರುತ್ತೇನೆ. ನಮ್ಮ ಕಡೆ ‘ಹೆಸರಿಡುವುದು’ ಎಂದರೆ ಕಂಡವರಲ್ಲಿ ತಪ್ಪು ಹುಡುಕುವುದು ಎಂದೂ ಆಗುತ್ತದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಕೊಪ್ಪಳದವರೆಗೆ ಯಾರೂ ಇರಲಿಲ್ಲ. ಊರಿನವರಿಗೆಲ್ಲ ಹೆಸರಿಟ್ಟೆ, ಹಾಗೆಯೇ ನನ್ನ ಮಕ್ಕಳಿಗೂ ಇಟ್ಟೆ.

ಮೊದಲನೆಯ ಗಂಡುಮಗು ಹುಟ್ಟಿದಾಗ ಅತ್ತೆ ಹುಲಿಗವ್ವ ತನ್ನ ಅಪ್ಪನ ಹೆಸರಿಡು ಎಂದಳು. ನಾನು ಕೇಳಲಿಲ್ಲ. ನಾಲ್ಕು ಜನರ ನಡುವೆ ಕೂಗಿ ಕರೆದರೆ ಗತ್ತು ಇರಬೇಕು ಎಂದು ದೊರೆಪ್ಪ ಎಂದಿಟ್ಟೆ. ನಮ್ಮ ದೊರೆ ಇಪ್ಪತ್ತು ದಿನ ಆಳಿದ. ಆಮೇಲೆ ರಾಜಮ್ಮ. ಹಲ್ಲು ಮೂಡುವ ಹೊತ್ತಿಗೆ ಹೋದಳು. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ, ಮೂರನೆಯದಕ್ಕೆ ಬಹಾದ್ದೂರಪ್ಪ ಎಂದಿಟ್ಟೆ. ಅವನು ಆರು ತಿಂಗಳು ಇದ್ದ. ನಗುತ್ತಿದ್ದ, ನನ್ನ ಮೀಸೆ ಹಿಡಿದು ಜಗ್ಗುತ್ತಿದ್ದ.

ನಮ್ಮ ಕಡೆ ಕೂಸು ಸತ್ತಿತು ಎನ್ನುವುದಿಲ್ಲ. ದೇವರು ಕರಕೊಂಡ ಎನ್ನುತ್ತಾರೆ. ಮೂರು ಸಲವೂ ಬಾಗಿಲಿಗೆ ಬಂದವರೆಲ್ಲ ಅದನ್ನೇ ಅಂದರು, ದೇವರು ಕರಕೊಂಡ ಬಿಡು ಗ್ಯಾನಪ್ಪ, ಏನ ಮಾಡಾಕ ಬರತೈತಿ ಎಂದು. ಆ ಮಾತು ಕಿವಿಗೆ ಬಿದ್ದರೆ ಇಂದಿಗೂ ಎದ್ದು ಹೊರಗೆ ಹೋಗುತ್ತೇನೆ. ಆಗ ನಾನು ಅಳಲಿಲ್ಲ. ಜಗಳ ತೆಗೆದೆ. ಮೂರನೆಯ ಸಲ ಮಣ್ಣು ಕೊಟ್ಟು ಬಂದವನು ಪಕ್ಕದ ಮನೆಯ ಹುಚ್ಚೀರಪ್ಪನ ಹತ್ತಿರ ಹೋಗಿ ಬೇಲಿಯ ಸಲುವಾಗಿ ಕೈಕೈ ಮಿಲಾಯಿಸಿದೆ. ಬೇಲಿ ಅವನದೇ ಆಗಿತ್ತು. ಪಾಪ, ಅವನು ಎರಡು ಏಟು ತಿಂದು ಸುಮ್ಮನಾದ. ನನ್ನ ಹೆಂಡತಿ ಫಕೀರಮ್ಮ ಒಳಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವಳು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಛಲೋ ಇತ್ತು.

ನಾಲ್ಕನೆಯದು ಹೆಣ್ಣು. ಈ ಸಲ ಹುಲಿಗವ್ವ ನನ್ನನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಒಯ್ದು ತಿಪ್ಪೆಯ ಮೇಲೆ ಇಟ್ಟು ಬಂದಳು. ಓಣಿಯ ಹೊಳಿಯಮ್ಮ ಮೊದಲೇ ಮಾತಾಡಿಕೊಂಡಂತೆ ಆ ಕಡೆ ಹೋಗಿ, ಯಾರೋ ಬ್ಯಾಡಂತ ಒಗದಾರ ನೋಡು ಎಂದು ಎತ್ತಿಕೊಂಡು ಬಂದಳು. ಅತ್ತೆ ಒಂದು ಹಿಡಿ ತೌಡು ಕೊಟ್ಟು ಕೂಸನ್ನು ಅವಳಿಂದ ಇಸಿದುಕೊಂಡಳು. ಹೆಸರು ತಿಪ್ಪವ್ವ. ತಂದೆ ತಾಯಿಗೇ ಬೇಡವಾದದ್ದನ್ನು ದೇವರು ಯಾಕೆ ಕರಕೊಂಡಾನು, ಇದು ಲೆಕ್ಕ. ತಿಪ್ಪವ್ವ ಬದುಕಿದಳು. ಐದನೆಯವನು ಹುಟ್ಟಿದಾಗ ಬಾಗಿಲ ಮುಂದಿನ ಕಸದ ಮೇಲೆ ಮಲಗಿಸಿದರು. ಅವನು ಕಸಪ್ಪ. ಅವನೂ ಬದುಕಿದ. ಮಗ ಮೂರು ವರ್ಷ ದಾಟುವವರೆಗೆ ನಾನು ಅವನನ್ನು ಎತ್ತಿಕೊಂಡು ಓಣಿಯಲ್ಲಿ ತಿರುಗಲಿಲ್ಲ, ಯಾರಾದರೂ ಚಂದ ಅದಾನ ಅಂದರೆ ಥೂ, ಕಸ ಅದು ಎನ್ನುತ್ತಿದ್ದೆ.

ಅಷ್ಟರಲ್ಲಿ ಪಾದ್ರಿ ಬಂದರು. ಮಂಗಳೂರ ಕಡೆಯವರು, ತೆಳ್ಳಗಿದ್ದರು, ಪುಸ್ತಕದಲ್ಲಿ ಬರೆದಂತೆ ಕನ್ನಡ ಮಾತನಾಡುತ್ತಿದ್ದರು. ಕೇರಿಯಲ್ಲಿ ಗುಡಿಸಲು ಹಾಕಿ, ಮಕ್ಕಳಿಗೆ ಅಕ್ಷರ ಕಲಿಸಲು ಸಾಲಿ ತೆರೆದರು. ಒಂದು ದಿನ ಹರಿದ ಬೂಟು ಹಿಡಿದು ನನ್ನ ಹತ್ತಿರ ಬಂದು, ಗ್ಯಾನಪ್ಪನವರೇ ಎಂದರು. ಯಾರನ್ನು ಕರೆದರು ಎಂದು ನಾನು ಹಿಂದೆ ತಿರುಗಿ ನೋಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಊರೊಳಗಿನ ದೊಡ್ಡ ಮನೆಯವರು ಚಪ್ಪಲಿ ಬೇಕಾದರೆ ಬಂದು ಹಸಿ ಮಣ್ಣಿನ ಮೇಲೆ ಕಾಲೂರಿ ಹೋಗಿಬಿಡುತ್ತಿದ್ದರು. ಅವರು ದೂರ ಸರಿದ ಮೇಲೆ ನಾನು ಆ ಹೆಜ್ಜೆಯ ಗುರುತಿಗೆ ಕಡ್ಡಿ ಇಟ್ಟು ಅಳತೆ ತೆಗೆಯಬೇಕು. ಇಪ್ಪತ್ತು ವರ್ಷ ಊರಿಗೆಲ್ಲ ಚಪ್ಪಲಿ ಹೊಲಿದವನು ಕೇರಿಯ ಆಚೆಯವರ ಒಂದು ಕಾಲನ್ನೂ ಮುಟ್ಟಿರಲಿಲ್ಲ. ಈ ಪಾದ್ರಿ ನನ್ನ ಎದುರಿಗೆ ಚಾಪೆಯ ಮೇಲೆ ಕುಳಿತು, ಕಾಲು ಚಾಚಿ, ನನ್ನ ಕೈಯಲ್ಲಿಟ್ಟರು. ಹಿಮ್ಮಡಿ ಒಡೆದಿತ್ತು, ಕಿರುಬೆರಳು ಡೊಂಕಾಗಿತ್ತು. ಹಿಡಿದುಕೊಂಡು ಎಷ್ಟು ಹೊತ್ತು ಕುಳಿತೆನೋ, ಅವರೇ ಅಳತೆ ಆಯಿತೇ ಎಂದು ಕೇಳಬೇಕಾಯಿತು. ಮುಂದೆ ನಾನು ಸತ್ಯವೇದ ತಿಳಿದುಕೊಂಡು ಈ ಮತಕ್ಕೆ ಬಂದೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆನಲ್ಲ, ಅದು ಶುದ್ಧ ಸುಳ್ಳು. ಆ ಡೊಂಕು ಬೆರಳಿಗೆ ಸೋತು ಬಂದೆ.

ನನಗೂ ಫಕೀರಮ್ಮನಿಗೂ ದೀಕ್ಷಾಸ್ನಾನ ಮೊದಲಾಯಿತು. ನನ್ನ ಹೆಸರನ್ನು ಬದಲಿಸುವುದು ಬೇಡ ಎಂದರು ಪಾದ್ರಿ. ಗ್ಯಾನ ಎಂದರೆ ಜ್ಞಾನ, ಒಳ್ಳೆಯ ಹೆಸರೇ ಇದೆ ಎಂದು ನಕ್ಕರು. ಹೆಸರಿನಲ್ಲಾದರೂ ಇರಲಿ ಎಂದುಕೊಂಡರೇನೋ. ಆ ದಿನವೇ ನಾನು ಕೊರಳಿನ ತಾಯಿತ ಕಿತ್ತು, ಎಲ್ಲರೂ ನೋಡುವಂತೆ ಜಾಲಿ ಮುಳ್ಳಿನ ಪೊದೆಗೆ ಒಗೆದೆ. ಆಮೇಲೆ ಮೂರು ತಿಂಗಳು ಕೇರಿಯವರಿಗೆ ನನ್ನ ಕಾಟ. ತಾಯಿತ ಕಟ್ಟಿದವರನ್ನು ನಿಲ್ಲಿಸಿ ಬೈದೆ, ದೃಷ್ಟಿ ತೆಗೆಯುವವರನ್ನು ಅಣಕಿಸಿದೆ, ಅತ್ತೆಯನ್ನಂತೂ ಕೂತಲ್ಲಿ ನಿಂತಲ್ಲಿ ಕಾಡಿದೆ. ಮಕ್ಕಳ ದೀಕ್ಷಾಸ್ನಾನಕ್ಕೆ ದಿನ ಗೊತ್ತಾದಾಗ, ಈ ತಿಪ್ಪೆ ಕಸ ಎಲ್ಲ ಇನ್ನು ಗುಡಿಸಿ ಹಾಕುತ್ತೇನೆ ಎಂದು ಸಾರಿದೆ. ಮಗಳಿಗೆ ರೂತ್. ಮಗನಿಗೆ ದಾವೀದ ಎಂದಿಡೋಣ ಎಂದರು ಪಾದ್ರಿ. ದಾವೀದನಿಗಿಂತ ದೊಡ್ಡ ಅರಸ ಯಾರಾದರೂ ಇದ್ದಾನೆಯೇ ಎಂದು ನಾನು ಕೇಳಿದೆ. ಅವನ ಮಗ ಸೊಲೊಮೋನ, ಮಹಾಜ್ಞಾನಿ ಎಂದರು. ಹಾಗಾದರೆ ಸೊಲೊಮೋನ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟರೂ ನನ್ನ ಗತ್ತು ಇಳಿದಿರಲಿಲ್ಲ, ನೋಡಿ.

ಫಕೀರಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು.

“ಎಲ್ಲಾ ನಿನ್ನ ಮಾತಿನಂಗ ನಡೀಲಿ. ಹುಡುಗನ ಹೆಸರು ಮಾತ್ರ ಬದಲಿಸಬ್ಯಾಡ. ಆ ಹೆಸರಿನ್ಯಾಗ ನಾ ಅವನ್ನ ಮುಚ್ಚಿಟ್ಟೇನಿ.”

ಅಷ್ಟೇ ಹೇಳಿದ್ದು. ನಾನು ಮೂಢನಂಬಿಕೆಯ ಮೇಲೆ ಒಂದು ತಾಸು ಭಾಷಣ ಬಿಗಿದೆ. ಅವಳು ಮತ್ತೆ ಮೊರ ಎತ್ತಿಕೊಂಡಳು, ಕಲ್ಲು ಆರಿಸುತ್ತ ಕುಳಿತಳು.

ದೀಕ್ಷಾಸ್ನಾನ ಭಾನುವಾರ. ಶನಿವಾರ ಮುಂಜಾನೆ ಮಗನಿಗೆ ಜ್ವರ ಬಂತು. ಬಾರಿಹಣ್ಣು ತಿಂದು ಬಂದದ್ದು, ತಾನೇ ಇಳಿಯುತ್ತದೆ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಹೇಳಿ ಹೊರಗೆ ಬಂದೆ, ಮತ್ತೆ ಒಳಗೆ ಹೋಗಿ ಅವನ ಅಂಗಾಲು ಮುಟ್ಟಿ ನೋಡಿದೆ. ಬಹಾದ್ದೂರಪ್ಪನ ಅಂಗಾಲು ಕೊನೆಯ ದಿನ ಹೀಗೇ ಸುಡುತ್ತಿತ್ತು. ಸಂಜೆಯ ಹೊತ್ತಿಗೆ ನಾನು ಎಲ್ಲಿದ್ದೆ ಎಂದುಕೊಂಡಿರಿ? ಜಾಲಿಪೊದೆಯಲ್ಲಿ ಮಂಡಿಯೂರಿ, ಮೂರು ತಿಂಗಳ ಹಿಂದೆ ಒಗೆದ ತಾಯಿತ ಹುಡುಕುತ್ತಿದ್ದೆ. ಮುಳ್ಳು ತರಚಿ ಎರಡೂ ಕೈ ರಕ್ತ. ಹುಚ್ಚೀರಪ್ಪ ಬೇಲಿಯ ಮೇಲಿಂದ ಇಣುಕಿ ಏನು ಹುಡುಕುತ್ತಿ ಎಂದು ಕೇಳಿದ. ದಬ್ಬಳ ಬಿದ್ದೈತಿ ಎಂದೆ. ಚಪ್ಪಲಿ ಹೊಲಿಯುವ ದಬ್ಬಳ ಮುಳ್ಳುಪೊದೆಗೆ ಹೇಗೆ ಬಿತ್ತು ಎಂದು ಅವನು ಕೇಳಲಿಲ್ಲ. ಏಟು ತಿಂದ ಮೇಲೆ ಅವನು ನನ್ನನ್ನು ಹೆಚ್ಚು ಕೇಳುತ್ತಿರಲಿಲ್ಲ. ತಾಯಿತ ಸಿಗಲಿಲ್ಲ.

ಮರುದಿನ ಸಾಲಿಯ ಮುಂದೆ ಚಪ್ಪರ ಹಾಕಿದ್ದರು. ಮುಂದೆ ನಮ್ಮವರು, ಹಿಂದೆ ತಮಾಷೆ ನೋಡಲು ಬಂದ ಉಳಿದವರು. ಹೊಳೆಗೆ ಒಯ್ದು ಮುಳುಗಿಸುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು, ಪಾದ್ರಿ ನೋಡಿದರೆ ಹಿತ್ತಾಳೆ ಬಟ್ಟಲಿನಲ್ಲಿ ಅಂಗೈಯಷ್ಟು ನೀರು ಇಟ್ಟುಕೊಂಡಿದ್ದರು. ಮೊದಲು ಮಗಳು. ಹೆಸರು ಹೇಳಿರಿ ಎಂದರು. ರೂತ್ ಎಂದು ನಾನು ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದೆ. ಮೂರು ಸಲ ನೀರು ಚಿಮುಕಿಸಿದರು. ತಲೆತುಂಬ ಎಣ್ಣೆ ಹಚ್ಚಿಕೊಂಡು ದೊಡ್ಡ ಸ್ನಾನಕ್ಕೆ ತಯಾರಾಗಿ ಬಂದಿದ್ದ ಹುಡುಗಿ, ಇಷ್ಟಽ ನೀರೇನು ಎಂದು ನನ್ನನ್ನು ಕೇಳಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನಕ್ಕೆ ಅದೇ ನನ್ನ ಕೊನೆಯ ನಗು.

ಮಗನನ್ನು ಫಕೀರಮ್ಮನ ತೋಳಿನಿಂದ ಪಾದ್ರಿ ಎತ್ತಿಕೊಂಡರು. ಮೈ ಸುಡುತ್ತಿರುವುದು ಅವರಿಗೆ ಗೊತ್ತಾಯಿತು. ಒಳ್ಳೆಯ ಮನುಷ್ಯ, ಪುಸ್ತಕದಲ್ಲಿ ಇಲ್ಲದ ಒಂದು ಪ್ರಾರ್ಥನೆಯನ್ನು ತಾವೇ ಸೇರಿಸಿದರು. ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು.

“ಕರ್ತನೇ, ಈ ಕಂದನನ್ನು ನಿನ್ನ ಬಳಿಗೆ ಕರೆದುಕೋ.”

ಆಮೇಲೆ ಕಣ್ಣು ತೆರೆದು, ಹೆಸರು ಹೇಳಿರಿ ಎಂದರು.

ಅವರ ಊರಿನಲ್ಲಿ ಆ ಮಾತಿಗೆ ಏನು ಅರ್ಥವೋ. ನಮ್ಮವರೆಲ್ಲ ಉಸಿರು ಹಿಡಿದು ಕುಳಿತದ್ದನ್ನು ನಾನು ಕೇಳಿದೆ. ಸೊಲೊಮೋನ ಎನ್ನಲು ತೆರೆದ ನನ್ನ ಬಾಯಿಯಿಂದ ಬಂದದ್ದು ಕಸಪ್ಪ. ಪಾದ್ರಿ ಅರ್ಥವಾಗದೆ, ಸೊಲೊಮೋನ ಅಲ್ಲವೇ ಎಂದು ಮೆಲ್ಲಗೆ ನೆನಪಿಸಿದರು. ನಾನು ಅಷ್ಟಕ್ಕೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು.

“ಅಲ್ಲರಿ, ಕಸಪ್ಪರಿ. ಕಸ ಐತ್ರಿ ಅದು, ಯಾರಿಗೂ ಬ್ಯಾಡಾದ್ದು. ಕರಕೋ ಅಂತ ಹೇಳಬ್ಯಾಡ್ರಿ ದೇವರಿಗೆ.”

ಮಗುವನ್ನು ದೇವರಿಗೆ ಒಪ್ಪಿಸಲು ಹೊಸ ಅಂಗಿ ಹಾಕಿಕೊಂಡು ಬಂದವನು, ದೇವರ ಮುಂದೆಯೇ ಇದು ಯಾರಿಗೂ ಬೇಡವಾದ ಮಾಲು ಎಂದು ಗೋಗರೆಯುತ್ತಿದ್ದೆ. ಮೂಗು ಸೋರುತ್ತಿತ್ತು. ಮೂರು ತಿಂಗಳು ನನ್ನಿಂದ ಬೈಸಿಕೊಂಡವರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು. ಯಾರೋ ಕಿಸಕ್ಕೆಂದರು. ಪಾದ್ರಿ ಮಗುವನ್ನು ಎದೆಗೊತ್ತಿಕೊಂಡು, ನನ್ನನ್ನೂ ಬಟ್ಟಲನ್ನೂ ನೋಡುತ್ತ ನಿಂತಿದ್ದರು, ತಮ್ಮಿಂದ ಏನು ತಪ್ಪಾಯಿತು ಎಂದು ಅವರಿಗೆ ತಿಳಿಯದು. ಆಗ ಫಕೀರಮ್ಮ ಮಾತಾಡಿದಳು. ಹೊರಗಿನ ಗಂಡಸರ ಎದುರಿಗೆ ಅವಳು ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಮೂರು ಕೂಸು ಕರಕೊಂಡಾನ್ರಿ ದೇವರು. ದೊರೆಪ್ಪ, ರಾಜಮ್ಮ, ಬಹಾದ್ದೂರಪ್ಪ. ಅದಕ್ಕ ಇವ್ರು ಅಂಜ್ಯಾರ್ರಿ.”

ಆ ಮೂರು ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳು ಒಂದನ್ನೂ ತಪ್ಪಿಸದೆ ಹೇಳಿದಳು. ಹಿಂದಿನ ನಗು ನಿಂತಿತು. ಪಾದ್ರಿಯ ಮುಖ ಬಾಡಿತು. ಆಮೇಲೆ ಮಗನ ತಲೆಯ ಮೇಲೆ ಕೈಯಿಟ್ಟು, ಪುಸ್ತಕದ ಕನ್ನಡ ಬಿಟ್ಟು, ನಮ್ಮ ಮಾತಿನಲ್ಲಿ ತಡವರಿಸುತ್ತ ಹೇಳಿದರು.

“ಅಪ್ಪಾ, ಇವನ್ನ ಇಲ್ಲೇ ಬಿಡು. ಇವರ ಹತ್ರನೇ ಬಿಡು.”

ಕಸಪ್ಪ ಎಂದೇ ಕರೆದು ಮೂರು ಸಲ ನೀರು ಚಿಮುಕಿಸಿದರು. ತಣ್ಣೀರು ಬಿದ್ದದ್ದಕ್ಕೆ ಮಗ ಕಿಟಾರನೆ ಅತ್ತ. ಅಂಥ ಜೋರಾದ ಅಳು ಕೇಳಿ ನಾನು ಅಲ್ಲೇ ಕುಳಿತುಬಿಟ್ಟೆ. ಹುಚ್ಚೀರಪ್ಪನೇ ಬಂದು ರಟ್ಟೆ ಹಿಡಿದು ಎಬ್ಬಿಸಿದ. ದಬ್ಬಳ ಸಿಕ್ಕಿತೇನು ಎಂದು ಕಿವಿಯಲ್ಲಿ ಕೇಳಿದ. ಎಲ್ಲ ಗೊತ್ತಿತ್ತು ಆ ಕಳ್ಳನಿಗೆ.

ಮನೆಗೆ ಬರುವಾಗ ಫಕೀರಮ್ಮ ಮುಂದೆ, ನಾನು ಹಿಂದೆ. ಅವಳ ಹೆಗಲ ಮೇಲೆ ಮಗ ನಿದ್ದೆ ಹೋಗಿದ್ದ. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿದೆ, ನಾನಿಟ್ಟ ಹೆಸರಿನಿಂದಲೇ ಆ ಮೂವರೂ ಹೋದರು ಎಂದು ನಿನ್ನ ಮನಸ್ಸಿನಲ್ಲಿ ಇದೆಯೇನು ಎಂದು. ಅವಳು ನಿಲ್ಲಲಿಲ್ಲ, ತಿರುಗಲಿಲ್ಲ.

“ಇತ್ತು,” ಎಂದಳು. “ಮೂರಕ್ಕೂ ನೀ ಅಳಲಿಲ್ಲ. ಕಲ್ಲು ಅದಾನ ಅನಕೊಂಡಿದ್ದೆ. ಇವತ್ತು ಅತ್ತಿ.”

ನಾನು ಅತ್ತಿಲ್ಲ, ನೆಗಡಿ ಎಂದೆ. ಅವಳು ಹೂಂ ಎಂದಳು. ಅಲ್ಲಿಂದ ಮನೆಯವರೆಗೆ ನನ್ನ ನೆಗಡಿ ನಿಲ್ಲಲಿಲ್ಲ.

ಮಂಗಳವಾರದ ಹೊತ್ತಿಗೆ ಜ್ವರ ಬಿಟ್ಟಿತು. ಬುಧವಾರ ಮಗ ಮತ್ತೆ ಬಾರಿಗಿಡದ ಕೆಳಗಿದ್ದ. ಉಳಿಸಿದ್ದು ಪಾದ್ರಿಯ ಪ್ರಾರ್ಥನೆಯೋ, ಕಸ ಎಂಬ ಹೆಸರೋ, ಮೂರು ನಾಲ್ಕು ದಿನ ಬಾರಿಹಣ್ಣು ತಿನ್ನದೇ ಇದ್ದದ್ದೋ, ನನಗೆ ತಿಳಿಯದು. ಅತ್ತೆ ಹುಲಿಗವ್ವ ಮಾತ್ರ ತನಗೆ ತಿಳಿದಿದೆ ಎಂಬ ಮುಖ ಮಾಡಿಕೊಂಡು ಒಂದು ವಾರ ನನ್ನ ಎದುರಿಗೇ ಕುಳಿತು ಎಲೆಯಡಿಕೆ ಜಗಿದಳು.

ಕೇರಿ ನನ್ನನ್ನು ಬಿಡಲಿಲ್ಲ. ಮಗನಿಗೆಂದು ತಂದಿಟ್ಟ ಹೆಸರು ವ್ಯರ್ಥವಾಗಬಾರದೆಂದು ಅದನ್ನು ನನಗೇ ಅಂಟಿಸಿದರು. ಮೊದಲು ಹುಚ್ಚೀರಪ್ಪ ಸೊಲೊಮೋನ ಎಂದು ಕರೆದ. ಆಮೇಲೆ ಮಕ್ಕಳು, ಆಮೇಲೆ ಸಂತೆಯಲ್ಲಿ ಸಿಕ್ಕವರು. ಊರೊಳಗಿನ ಗೌಡರ ಆಳು ಬಂದು, ಸೊಲೊಮೋನ, ನಮ್ಮ ಗೌಡ್ರ ಚಪ್ಪಲಿ ಆತೇನು ಎಂದು ಕೇಳುವವರೆಗೆ ಬಂತು. ಮೊದಮೊದಲು ಕಲ್ಲು ತೆಗೆದುಕೊಂಡು ಬೆನ್ನು ಹತ್ತುತ್ತಿದ್ದೆ. ಈಗ ಹೂಂ ಎನ್ನುತ್ತೇನೆ.

ಇದೆಲ್ಲ ಆಗಿ ಹದಿನಾಲ್ಕು ವರ್ಷ ಆಯಿತು. ರೂತಮ್ಮನನ್ನು ಗಂಗಾವತಿಗೆ ಕೊಟ್ಟೆವು. ಕಸಪ್ಪ ನನಗಿಂತ ಒಂದು ಗೇಣು ಎತ್ತರ ಬೆಳೆದ. ಹೋದ ವರ್ಷ ಹೊಳೆಗೆ ಅಡ್ಡ ಕಟ್ಟುತ್ತಿರುವ ಒಡ್ಡಿನ ಕೆಲಸಕ್ಕೆ ಆಳು ತೆಗೆದುಕೊಳ್ಳುತ್ತಾರೆ ಎಂದು ತಿಳಿದು, ಹೆಸರು ಹಚ್ಚಿಸಲು ಹೊರಟ. ಹೊರಡುವ ಮುಂಜಾನೆ ನನ್ನ ಎದುರಿಗೆ ಬಂದು ನಿಂತ. ಸಾಲಿಯಲ್ಲಿ ಮಾಸ್ತರರು ಹಾಜರಿ ಕೂಗುವಾಗಲೆಲ್ಲ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಅಲ್ಲಿ ಸಾವಿರ ಮಂದಿಯ ನಡುವೆ ಆ ಹೆಸರು ಕೂಗಿಸಿಕೊಳ್ಳಲಾರೆ, ಸೊಲೊಮೋನ ಎಂದು ಬರೆಸುತ್ತೇನೆ, ಅದು ಹೇಗೂ ನನಗೆಂದೇ ತಂದಿಟ್ಟ ಹೆಸರು ಎಂದ. ಅಕ್ಕನಿಗೆ ರೂತ್ ಎಂದಿಟ್ಟು ನನ್ನನ್ನು ಯಾಕೆ ಕಸ ಎಂದು ಬಿಟ್ಟೆ ಎಂದೂ ಕೇಳಿದ. ಕಣ್ಣಲ್ಲಿ ನೀರಿತ್ತು.

ಫಕೀರಮ್ಮ, ಬರೆಸಲಿ ಬಿಡು, ಇನ್ನೇನು ಅಂಜಿಕೆ ಎಂದಳು. ಆ ಹೆಸರಿನಲ್ಲಿ ಮಗನನ್ನು ಮುಚ್ಚಿಟ್ಟವಳೇ ಬಿಟ್ಟುಕೊಟ್ಟಳು. ಬಿಡಲಾರದೆ ಕುಳಿತವನು ನಾನು, ತಾಯಿತ ಒಗೆದ ಮಹಾಜ್ಞಾನಿ. ಹದಿನೇಳರ ಗಂಡು, ಕಲ್ಲು ಎತ್ತಿ ಒಗೆಯುವ ರಟ್ಟೆ, ಆದರೂ ಅವನು ಹೊಸ ಹೆಸರು ಹೇಳಿದೊಡನೆ ನನ್ನ ಕೈ ತಾನಾಗಿ ಅವನ ಪಾದಕ್ಕೆ ಹೋಯಿತು, ಸುಡುತ್ತಿದೆಯೇ ಎಂದು ನೋಡಲು. ಚಪ್ಪಲಿಯ ಪಟ್ಟಿ ಸರಿಮಾಡಿದಂತೆ ಮಾಡಿದೆ. ತಲೆ ಎತ್ತದೆ, ಆ ಮೂವರ ವಿಷಯವನ್ನೂ ಪಾದ್ರಿಯ ಪ್ರಾರ್ಥನೆಯನ್ನೂ ಹೇಳಿದೆ. ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಿನ್ನ ಮನಸ್ಸಿಗೆ ಬಂದದ್ದನ್ನು ಬರೆಸು ಎಂದೆ. ಅವನು ಬುತ್ತಿ ಎತ್ತಿಕೊಂಡು ಹೋದ.

ಸಂಜೆ ಬಂದು ರೊಟ್ಟಿ ತಿನ್ನುತ್ತ, ಕೆಲಸ ಸಿಕ್ಕಿತು ಎಂದ. ಹೆಸರು ಬರೆದುಕೊಳ್ಳುವ ಮುನ್ಷಿ ಶಬ್ಬೀರಸಾಬ ಅಂತೆ. ನನಗೆ ಕೇಳುವ ಧೈರ್ಯವಾಗಲಿಲ್ಲ. ಏನಂತ ಬರೆಸಿದಿ ಎಂದು ಅವನ ತಾಯಿಯೇ ಕೇಳಿದಳು. ನಮ್ಮದು ನಿಜಾಮರ ಸೀಮೆ, ಅವರ ಕಾಗದದಲ್ಲಿ ಅಪ್ಪನ ಹೆಸರಿಗೆ ಮುಂಚೆ ‘ವಲದ್’ ಎಂದು ಹಾಕುತ್ತಾರೆ, ಇಂಥವರ ಮಗ ಎಂದು. ಮುನ್ಷಿ ಮೊದಲು ಅವನ ಹೆಸರು ಕೇಳಿದನಂತೆ, ಆಮೇಲೆ ಅಪ್ಪನದು. ಅಪ್ಪನ ಹೆಸರು ಸೊಲೊಮೋನ ಎಂದದ್ದಕ್ಕೆ, ನಮ್ಮಲ್ಲಿ ಅದು ಸುಲೇಮಾನ್ ಎಂದು ಹಾಗೇ ಬರೆದುಕೊಂಡನಂತೆ. ಮಗ ಚೀಟಿಯನ್ನು ನನ್ನ ಕೈಯಲ್ಲಿಟ್ಟು, ಅದರ ಮೇಲೆ ಬೆರಳಾಡಿಸುತ್ತ ಓದಿ ಹೇಳಿದ.

“ಕಸಪ್ಪ ವಲದ್ ಸುಲೇಮಾನ್.”